ಸರೋವರ ಹತ್ತಿರ, ಪಾರ್ಕಿಂಗ್ ದೂರ: ಆಸ್ಟ್ರಿಯಾದ ಆಲ್ಪ್ಸ್ ಸೀಮೆಯಲ್ಲಿ ಬಾಡಿಗೆ ಕಾರು

ಹಾಲ್‌ಸ್ಟಾಟ್ ಊರಿನ ಫೋಟೋವನ್ನು ನೀವು ಎಲ್ಲಾದರೂ ನೋಡಿಯೇ ಇರುತ್ತೀರಿ. ನೀರಿನ ಅಂಚಿಗೆ ಒತ್ತಿಕೊಂಡ ಮರದ ಮನೆಗಳು, ಸೂಜಿಯಂಥ ಚರ್ಚ್ ಗೋಪುರ, ಬೆನ್ನ ಹಿಂದೆ ಗೋಡೆಯ ಹಾಗೆ ನಿಂತ ಬೆಟ್ಟ. ಆ ಫೋಟೋ ತೆಗೆಯುವ ಜಾಗಕ್ಕೆ ನಿಮ್ಮ ಕಾರು ಹೋಗುವುದಿಲ್ಲ. ಈ ಸೀಮೆಯಲ್ಲಿ ಕಾರು ಬಾಡಿಗೆಗೆ ಹಿಡಿಯುವ ಮುಂಚೆ ಇದು ಗೊತ್ತಿರಲಿ.

ಸೀಮೆಯ ಹೆಸರು ಸಾಲ್ಟ್ಸ್‌ಕಾಮರ್‌ಗುಟ್. ನಾಲಿಗೆ ಹೊರಳುವುದಕ್ಕೆ ಎರಡು ದಿನ ಬೇಕು. ಸಾಲ್ಟ್ಸ್ ಅಂದರೆ ಉಪ್ಪು. ಹಿಂದೆ ಇಲ್ಲಿನ ಗಣಿಗಳ ಉಪ್ಪಿನ ಹಣ ನೇರ ಹಾಬ್ಸ್‌ಬರ್ಗ್ ಅರಸರ ಬೊಕ್ಕಸಕ್ಕೆ ಹೋಗುತ್ತಿತ್ತು. ಸಾಲ್ಜ್‌ಬರ್ಗ್ ನಗರದ ಪೂರ್ವಕ್ಕೆ, ಆಸ್ಟ್ರಿಯಾದ ಮೂರು ರಾಜ್ಯಗಳಲ್ಲಿ ಹರಡಿಕೊಂಡಿದೆ. 70ಕ್ಕೂ ಹೆಚ್ಚು ಸರೋವರಗಳಿವೆ. ಜರ್ಮನ್‌ನಲ್ಲಿ 'ಸೇ' ಅಂದರೆ ಸರೋವರ. ಹಾಗಾಗಿ ಎಲ್ಲ ಹೆಸರೂ ಅದರಲ್ಲೇ ಮುಗಿಯುತ್ತವೆ: ವೋಲ್ಫ್‌ಗಾಂಗ್‌ಸೇ, ಮೋಂಡ್‌ಸೇ, ಆಟರ್‌ಸೇ, ಟ್ರೌನ್‌ಸೇ.

ನಕ್ಷೆ ನೋಡಿದರೆ ಒಂದರಿಂದ ಇನ್ನೊಂದಕ್ಕೆ 15–20 ಕಿಲೋಮೀಟರ್ ಅಷ್ಟೇ. "ದಿನಕ್ಕೆ ಐದಾರು ಮುಗಿಸಬಹುದು, ಅಲ್ವಾ?" ಅನ್ನಿಸುತ್ತದೆ. ನಮಗೂ ಹಾಗೇ ಅನ್ನಿಸಿತ್ತು. ಮೊದಲ ದಿನ ಎರಡು ಮುಗಿಸುವಷ್ಟರಲ್ಲಿ ಸಾಕಾಯಿತು. ಓಡಿಸಿದ್ದು ಒಂದೂವರೆ ಗಂಟೆ, ಪಾರ್ಕಿಂಗ್ ಹುಡುಕಿದ್ದು ಹೆಚ್ಚೂಕಮ್ಮಿ ಅಷ್ಟೇ. ಅವತ್ತು ರಾತ್ರಿ ಹಳೇ ಪ್ಲಾನ್ ಹರಿದುಹಾಕಿ, ಎಲ್ಲಿ ಎಷ್ಟು ಗಂಟೆಗೆ ಕಾರು ನಿಲ್ಲಿಸೋಕೆ ಜಾಗ ಸಿಗುತ್ತದೆ ಅನ್ನುವುದರ ಮೇಲೆ ಹೊಸದು ಬರೆದೆವು. ಈ ಲೇಖನ ಆ ಎರಡನೇ ಪ್ಲಾನ್.

ಮೊದಲು: ಕಾರು ನಿಜಕ್ಕೂ ಬೇಕಾ?

ಹಾಲ್‌ಸ್ಟಾಟ್ ಒಂದನ್ನೇ ನೋಡಿಕೊಂಡು ವಾಪಸ್ ಬರುವುದಾದರೆ ಬೇಡ. ಸಾಲ್ಜ್‌ಬರ್ಗ್‌ನಿಂದ 150ನೇ ನಂಬರ್ ಬಸ್ಸು ವೋಲ್ಫ್‌ಗಾಂಗ್‌ಸೇ ದಡದ ಮೇಲೆ ಬಾಡ್ ಇಶ್ಲ್‌ಗೆ ಹೋಗುತ್ತದೆ. ಅಲ್ಲಿಂದ ರೈಲು. ಹಾಲ್‌ಸ್ಟಾಟ್ ಸ್ಟೇಷನ್ ಇರುವುದು ಊರಿನ ಎದುರು ದಡದಲ್ಲಿ. ರೈಲು ಬಂದ ಹೊತ್ತಿಗೆ ದೋಣಿ ಕಾಯುತ್ತಿರುತ್ತದೆ. ನೀರಿನ ಮೇಲಿಂದ ಊರು ಹತ್ತಿರ ಬರುವುದನ್ನು ನೋಡುವ ಸುಖ ಕಾರಿನಲ್ಲಿ ಬಂದವರಿಗೆ ಇಲ್ಲ. ಕಾರಿನವರು ಬರುವುದು ಸುರಂಗದ ಒಳಗಿಂದ!

ಕಾರು ಬೇಕಾಗುವುದು ಉಳಿದದ್ದಕ್ಕೆ. ಗೋಸೌ ಸರೋವರದಲ್ಲಿ ಸಂಜೆ ಏಳರವರೆಗೆ ಕೂರಬೇಕು, ಆಲ್ಟೌಸೇ ಕಡೆ ಘಾಟಿ ಹತ್ತಬೇಕು, ಆಟರ್‌ಸೇ ದಡದಲ್ಲಿ ಮನಸ್ಸು ಬಂದಲ್ಲಿ ನಿಲ್ಲಿಸಿ ನೀರಿಗಿಳಿಯಬೇಕು ಅನ್ನುವವರಿಗೆ. ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಅಥವಾ ಚಿಕ್ಕ ಮಕ್ಕಳಿದ್ದರೆ ಕಾರೇ ವಾಸಿ. ಮೂರು ದಿನ ಕನಿಷ್ಠ, ನಾಲ್ಕಿದ್ದರೆ ಒಳ್ಳೆಯದು.

ಊರು ಬಿಡುವ ಮುಂಚೆ: ಪರ್ಮಿಟ್

ನಮ್ಮ ಡಿಎಲ್ ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. 'ಡಿಎಲ್ ಇಂಗ್ಲಿಷ್‌ನಲ್ಲೇ ಇದೆಯಲ್ಲ, ನಡೆಯುತ್ತೆ' ಅಂತ ಹೇಳುವವರು ಸಿಗುತ್ತಾರೆ. ಕೇಳಬೇಡಿ. ಆಸ್ಟ್ರಿಯಾದಲ್ಲಿ ಡಿಎಲ್ ಜರ್ಮನ್‌ನಲ್ಲಿ ಇಲ್ಲದಿದ್ದರೆ ಅನುವಾದವನ್ನೋ ಈ ಪರ್ಮಿಟನ್ನೋ ಕೇಳುತ್ತಾರೆ. ಕೌಂಟರ್‌ನಲ್ಲಿರುವವನು ಕೇಳದೇ ಇರಬಹುದು, ಪೊಲೀಸರು ಕೇಳುತ್ತಾರೆ. ಅಪಘಾತವಾದರೆ ವಿಮೆಯವರಂತೂ ಖಂಡಿತ ಕೇಳುತ್ತಾರೆ.

ಕೊಡುವುದು ನಿಮ್ಮ ಆರ್‌ಟಿಒ ಕಚೇರಿ. ಪರಿವಾಹನ್ ವೆಬ್‌ಸೈಟಿನ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬೇಕು. ಅರ್ಜಿ ನಮೂನೆ 4ಎ, ವೈದ್ಯರ ಸರ್ಟಿಫಿಕೇಟು 1ಎ. ಪಾಸ್‌ಪೋರ್ಟ್, ವೀಸಾ, ಟಿಕೆಟ್ ಇವುಗಳ ಪ್ರತಿ ಜೊತೆಗಿರಲಿ. ಸರ್ಕಾರಿ ಶುಲ್ಕ 1,000 ರೂಪಾಯಿ. ಒಂದು ವರ್ಷ ನಡೆಯುತ್ತದೆ, ಅದಕ್ಕೂ ಮುಂಚೆ ಡಿಎಲ್ ಅವಧಿ ಮುಗಿದರೆ ಇದೂ ಮುಗಿದ ಹಾಗೆ. ವೀಸಾ ಬಂದ ಮರುದಿನವೇ ಅರ್ಜಿ ಹಾಕಿಬಿಡಿ. ಹೊರಡುವ ವಾರ ಅಂತ ಇಟ್ಟುಕೊಂಡರೆ ಸಾಲು ಸಾಲು ರಜೆ ಬಂದಿರುತ್ತದೆ.

ಮೂಲ ಡಿಎಲ್ ಕಾರ್ಡು ಕೈಯಲ್ಲಿ ಇರಲೇಬೇಕು. ಬರೀ ಪರ್ಮಿಟ್ ತೋರಿಸಿದರೆ ನಡೆಯುವುದಿಲ್ಲ. ಫೋನಿನಲ್ಲಿರುವ ಡಿಜಿಲಾಕರ್ ಅಲ್ಲಿ ಯಾರಿಗೂ ಗೊತ್ತಿಲ್ಲ.

ಎಲ್ಲಿಂದ ತೆಗೆದುಕೊಳ್ಳುವುದು

ನಮ್ಮ ಕಡೆಯಿಂದ ಹೋಗುವವರು ಹೆಚ್ಚಾಗಿ ಮ್ಯೂನಿಕ್‌ನಲ್ಲೋ ವಿಯೆನ್ನಾದಲ್ಲೋ ಇಳಿಯುತ್ತಾರೆ. ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಡಿಮೆ, ಕಾರುಗಳೂ ಜಾಸ್ತಿ. ಆದರೂ ನಾನು ಹೇಳುವುದು ಇಷ್ಟು: ಸಾಲ್ಜ್‌ಬರ್ಗ್‌ವರೆಗೆ ರೈಲಿನಲ್ಲಿ ಹೋಗಿ, ಕಾರು ಅಲ್ಲಿ ಹಿಡಿಯಿರಿ. ಮ್ಯೂನಿಕ್ ನಗರದ ಮುಖ್ಯ ರೈಲು ನಿಲ್ದಾಣದಿಂದ ಎರಡು ಗಂಟೆಯೊಳಗೆ ತಲುಪುತ್ತೀರಿ. ರಾತ್ರಿಯಿಡೀ ವಿಮಾನದಲ್ಲಿ ಕೂತು, ನಿದ್ದೆಗೆಟ್ಟು, ಅಭ್ಯಾಸವಿಲ್ಲದ ಬಲಬದಿಯಲ್ಲಿ, ಜರ್ಮನಿಯ ಹೆದ್ದಾರಿಯ ವೇಗದಲ್ಲಿ ಮೊದಲ ಪಾಠ ಕಲಿಯುವುದು ಯಾಕೆ?

ಇನ್ನೊಂದು ಕಾರಣ ವಿಗ್ನೆಟ್. ಆಸ್ಟ್ರಿಯಾದ ಹೆದ್ದಾರಿಗಳಲ್ಲಿ ಹೆಚ್ಚಿನ ಕಡೆ ಟೋಲ್ ಬೂತ್ ಸಾಲು ಇಲ್ಲ. ಮೊದಲೇ ದುಡ್ಡು ಕಟ್ಟಿ ಗಾಜಿಗೆ ಅಂಟಿಸುವ ಚೀಟಿ ಅಥವಾ ಕಾರಿನ ನಂಬರ್‌ಗೆ ಜೋಡಿಸುವ ಡಿಜಿಟಲ್ ವಿಗ್ನೆಟ್ ಇರಬೇಕು. ಇಲ್ಲದೆ ಸಿಕ್ಕಿಬಿದ್ದರೆ ದಂಡ ನೂರು ಯೂರೋ ದಾಟುತ್ತದೆ. ಆಸ್ಟ್ರಿಯಾದಲ್ಲೇ ನೋಂದಣಿಯಾದ ಬಾಡಿಗೆ ಕಾರಿಗೆ ಸಾಮಾನ್ಯವಾಗಿ ವಿಗ್ನೆಟ್ ಇರುತ್ತದೆ. ಆದರೂ ಕೌಂಟರ್‌ನಲ್ಲಿ ಬಾಯಿಬಿಟ್ಟು ಕೇಳಿ. ಜರ್ಮನಿ ಕಾರಿಗೆ ಇರುವುದಿಲ್ಲ, ನೀವೇ ಗಡಿ ಹತ್ತಿರದ ಬಂಕ್‌ನಲ್ಲೋ ಆನ್‌ಲೈನ್‌ನಲ್ಲೋ ಕೊಳ್ಳಬೇಕು. ಒಂದು ದಿನದ್ದು, 10 ದಿನದ್ದು, ಎರಡು ತಿಂಗಳದ್ದು, ವರ್ಷದ್ದು ಹೀಗೆ ಸಿಗುತ್ತವೆ.

ತಮಾಷೆ ಅಂದರೆ, ಸಾಲ್ಜ್‌ಬರ್ಗ್‌ನಿಂದ ಸರೋವರಗಳಿಗೆ ಹೋಗೋಕೆ ಹೆದ್ದಾರಿಯೇ ಬೇಕಾಗಿಲ್ಲ. ಬಿ158 ಅನ್ನುವ ರಾಜ್ಯ ರಸ್ತೆ ಊರಿನಿಂದಲೇ ಹೊರಟು ಫುಶ್ಲ್‌ಸೇ, ಸೇಂಟ್ ಗಿಲ್ಗೆನ್, ಸ್ಟ್ರೋಬ್ಲ್ ದಾಟಿ ಬಾಡ್ ಇಶ್ಲ್ ಮುಟ್ಟಿಸುತ್ತದೆ. 55 ಕಿಲೋಮೀಟರ್ ಸುಮಾರು. ಟೋಲ್ ಇಲ್ಲ, ಮತ್ತು ಹೆದ್ದಾರಿಗಿಂತ ನೂರು ಪಾಲು ಚೆಂದ. ಫೋನಿನ ಮ್ಯಾಪ್‌ನಲ್ಲಿ 'ಹೆದ್ದಾರಿ ಬೇಡ' ಅಂತ ಒತ್ತಿಡಿ.

ನಗರದೊಳಗಿನ ಬಾಡಿಗೆ ಕಚೇರಿಗಳು ಶನಿವಾರ ಮಧ್ಯಾಹ್ನಕ್ಕೆ ಬಾಗಿಲು ಹಾಕಿ ಸೋಮವಾರ ತೆಗೆಯುವುದುಂಟು. ವಾರಾಂತ್ಯದಲ್ಲಿ ತಲುಪುವುದಾದರೆ ವಿಮಾನ ನಿಲ್ದಾಣದ ಕಚೇರಿಯನ್ನೇ ಆರಿಸಿ, ವೇಳೆ ನೋಡಿಕೊಳ್ಳಿ.

ಎಂಥ ಕಾರು, ಯಾವ ಕಾರ್ಡು

ಚಿಕ್ಕದು. ಇಬ್ಬರಿಗೆ ಪೋಲೋ ಅಳತೆಯ ಕಾರು ಸಾಕು. ಸರೋವರದ ಪಕ್ಕದ ಪಾರ್ಕಿಂಗ್ ಗೆರೆಗಳು ಇಕ್ಕಟ್ಟು, ಊರೊಳಗಿನ ಓಣಿಗಳು ಇನ್ನೂ ಇಕ್ಕಟ್ಟು. ನಾಲ್ಕು ಜನ, ನಾಲ್ಕು ದೊಡ್ಡ ಸೂಟ್‌ಕೇಸ್ ಅಂದರೆ ಎಸ್‌ಯುವಿಗೆ ಹೋಗಬೇಡಿ. 'ಕೊಂಬಿ' ಕೇಳಿ. ಡಿಕ್ಕಿ ಉದ್ದ ಇರುವ ಸ್ಟೇಷನ್ ವ್ಯಾಗನ್‌ಗೆ ಅಲ್ಲಿ ಹಾಗೆನ್ನುತ್ತಾರೆ. ಪೆಟ್ಟಿಗೆ ಕಣ್ಣಿಗೆ ಬೀಳದ ಹಾಗೆ ಮುಚ್ಚಲು ಪರದೆಯೂ ಇರುತ್ತದೆ.

ಆಟೊಮ್ಯಾಟಿಕ್ ಬೇಕಿದ್ದರೆ ಬುಕ್ ಮಾಡುವಾಗಲೇ ಹೇಳಿ. ದುಡ್ಡು ಜಾಸ್ತಿ, ಆದರೆ ಮೊದಲ ಸಲ ಬಲಬದಿಯಲ್ಲಿ ಓಡಿಸುವವರಿಗೆ ಅದು ದಂಡ ಅಲ್ಲ. ಬಲಗೈಯಲ್ಲಿ ಗೇರ್ ಹಾಕುವುದನ್ನು ಕಲಿಯುವ ಒಂದು ತಲೆನೋವು ಕಡಿಮೆಯಾಗುತ್ತದೆ.

ಕಾರ್ಡ್ ವಿಷಯಕ್ಕೆ ಬಂದರೆ: ಕ್ರೆಡಿಟ್ ಕಾರ್ಡೇ ಬೇಕು, ಡೆಬಿಟ್ ಆಗುವುದಿಲ್ಲ ಅಂತಲೇ ಇಟ್ಟುಕೊಳ್ಳಿ. ಯಾರ ಹೆಸರಲ್ಲಿ ಕಾರು ಬುಕ್ ಆಗಿದೆಯೋ ಅವರದ್ದೇ ಹೆಸರಿನ ಕಾರ್ಡ್ ಆಗಿರಬೇಕು. ಗಂಡ ಓಡಿಸುವುದು, ಹೆಂಡತಿಯ ಕಾರ್ಡಲ್ಲಿ ಡೆಪಾಸಿಟ್, ಇದು ನಡೆಯುವುದಿಲ್ಲ. ಕಾರ್ಡಿನಲ್ಲಿ ವಿದೇಶಿ ವ್ಯವಹಾರ ಆನ್ ಮಾಡಿ, ಮಿತಿ ಏರಿಸಿಕೊಂಡು ಹೋಗಿ. ಪಿನ್ ನೆನಪಿರಲಿ. ಅಲ್ಲಿನ ಯಂತ್ರಗಳು ಪಿನ್ ಕೇಳುತ್ತವೆ. ನಮ್ಮ ಫೋನಿಗೆ ಬರುವ ಒಟಿಪಿ ಅಲ್ಲಿ ಬರದೇ ಇರಬಹುದು, ಆದ್ದರಿಂದ ಬಾಡಿಗೆ ಹಣವನ್ನು ಊರಲ್ಲೇ ಕಟ್ಟಿಬಿಡಿ.

ವಿಮೆ: ಸಹಿ ಹಾಕುವ ಮುಂಚೆ ಒಂದು ಪದ

ಮೂರನೆಯವರಿಗೆ ಆಗುವ ಹಾನಿಯ ವಿಮೆ ಬಾಡಿಗೆಯಲ್ಲೇ ಸೇರಿರುತ್ತದೆ. ಕಾರಿಗೇ ಆಗುವ ಹಾನಿಯ ವಿಮೆಯೂ ಸಾಮಾನ್ಯವಾಗಿ ಸೇರಿರುತ್ತದೆ. ಆದರೆ ಅದರಲ್ಲಿ ನಿಮ್ಮ ಪಾಲು ಅಂತ ಒಂದು ಮೊತ್ತ ಇರುತ್ತದೆ. ಜರ್ಮನ್‌ನಲ್ಲಿ 'ಸೆಲ್ಬ್ಸ್ಟ್‌ಬೆಹಾಲ್ಟ್'. ಕರಾರುಪತ್ರದಲ್ಲಿ ಮೊದಲು ಹುಡುಕಬೇಕಾದ ಪದ ಇದೇ. ಸಾವಿರ ಯೂರೋ ಅಂತ ಬರೆದಿದ್ದರೆ, ಸಾವಿರದವರೆಗಿನ ಯಾವುದೇ ಗೀರು, ತಗ್ಗು ನಿಮ್ಮ ಜೇಬಿನಿಂದಲೇ.

ಈ ಪಾಲನ್ನು ಸೊನ್ನೆ ಮಾಡುವ ಕವರ್ ಕೊಳ್ಳಿ ಅಂತ ಕೌಂಟರ್‌ನಲ್ಲಿ ಒತ್ತಾಯ ಮಾಡುತ್ತಾರೆ. ಇದೇ ರಕ್ಷಣೆ ಬುಕಿಂಗ್ ವೇಳೆ ಆನ್‌ಲೈನ್‌ನಲ್ಲಿ ಕಡಿಮೆಗೆ ಸಿಗುತ್ತದೆ. ವ್ಯತ್ಯಾಸ ಏನೆಂದರೆ, ಬಾಡಿಗೆ ಕಂಪನಿಯದೇ ಕವರ್ ಆದರೆ ಅಲ್ಲಿಗೆ ಮುಗಿಯಿತು. ಹೊರಗಿನದ್ದಾದರೆ ಮೊದಲು ನೀವು ಕಟ್ಟಿ, ಆಮೇಲೆ ಕಾಗದ ಕಳಿಸಿ ವಾಪಸ್ ಪಡೆಯಬೇಕು. ಡೆಪಾಸಿಟ್ ಕೂಡ ದೊಡ್ಡದೇ ಹಿಡಿಯುತ್ತಾರೆ. ಟೈರು, ರಿಮ್, ಗಾಜು, ಕಾರಿನ ತಳ ಇವು ನಾಲ್ಕೂ ಸೇರಿವೆಯಾ ಅಂತ ಎರಡರಲ್ಲೂ ನೋಡಿ. ನಾನು ಸೊನ್ನೆಯ ಕವರ್ ಪರ. ಕಲ್ಲಿನ ಅಂಚುಕಟ್ಟೆ ಇರುವ ಹಳೇ ಊರುಗಳಲ್ಲಿ ರಿಮ್ ಉಳಿಸಿಕೊಳ್ಳುವುದು ಸುಲಭವಲ್ಲ.

ಇನ್ನೊಬ್ಬರು ಓಡಿಸುವುದಿದ್ದರೆ ಅವರ ಹೆಸರನ್ನೂ ಬರೆಸಿ. ಗಡಿ ದಾಟಿ ಜರ್ಮನಿಯ ಕೋನಿಗ್ಸ್‌ಸೇ ಕಡೆ ಹೋಗುವ ಮನಸ್ಸಿದ್ದರೆ ಅದನ್ನೂ ಹೇಳಿ.

ಕೀ ಕೈಗೆ ಬಂದ ಮೇಲೆ ಇಪ್ಪತ್ತು ನಿಮಿಷ

ಹೊರಡಬೇಡಿ. ಮೊದಲು ವಿಡಿಯೊ. ನಂಬರ್ ಪ್ಲೇಟ್‌ನಿಂದ ಶುರುಮಾಡಿ, ನಿಧಾನವಾಗಿ ಕಾರಿನ ಸುತ್ತ ಒಂದು ಪ್ರದಕ್ಷಿಣೆ. ನಾಲ್ಕೂ ರಿಮ್ ಹತ್ತಿರ ಬಗ್ಗಿ ತೆಗೆಯಿರಿ. ಬಂಪರ್‌ನ ಕೆಳ ಅಂಚು, ಮುಂದಿನ ಗಾಜು, ಕನ್ನಡಿಗಳ ಹಿಂಭಾಗ, ಒಳಗೆ ಪೆಟ್ರೋಲ್ ಮುಳ್ಳು, ಓಡಿದ ಕಿಲೋಮೀಟರ್. ಬೇಸ್‌ಮೆಂಟ್ ಪಾರ್ಕಿಂಗ್ ಕತ್ತಲಾಗಿದ್ದರೆ ಬೆಳಕಿಗೆ ತಂದು ನಿಲ್ಲಿಸಿ ತೆಗೆಯಿರಿ. ಅವರ ಚೀಟಿಯಲ್ಲಿ ಇಲ್ಲದ ಗೀರು ಕಂಡರೆ ವಾಪಸ್ ಹೋಗಿ ಬರೆಸಿ. ಹಿಂದೆ ಸಾಲು ನಿಂತಿರುತ್ತದೆ, ಅವರು 'ಪರವಾಗಿಲ್ಲ, ಚಿಕ್ಕದು' ಅನ್ನುತ್ತಾರೆ. ಆದರೂ ಬರೆಸಿ.

ಡಿಕ್ಕಿ ತೆಗೆದು ಮೂರು ವಸ್ತು ನೋಡಿ: ತ್ರಿಕೋನದ ಎಚ್ಚರಿಕೆ ಫಲಕ, ಹೊಳೆಯುವ ಜಾಕೆಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ. ಆಸ್ಟ್ರಿಯಾದಲ್ಲಿ ಮೂರೂ ಕಡ್ಡಾಯ. ಡ್ಯಾಶ್‌ಬೋರ್ಡ್ ಪೆಟ್ಟಿಗೆಯಲ್ಲಿ ಗಡಿಯಾರದ ಚಿತ್ರ ಇರುವ ನೀಲಿ ರಟ್ಟಿನ ಚಕ್ರ ಇದೆಯಾ ನೋಡಿ. ಅದು ಪಾರ್ಕಿಂಗ್ ಡಿಸ್ಕ್. ಕೆಲವು ಊರುಗಳಲ್ಲಿ ಸ್ವಲ್ಪ ಹೊತ್ತು ಪುಕ್ಕಟೆ ನಿಲ್ಲಿಸಬಹುದು, ಬಂದ ವೇಳೆಗೆ ಆ ಚಕ್ರ ತಿರುಗಿಸಿ ಗಾಜಿನ ಹಿಂದೆ ಇಡಬೇಕು. 14 ವರ್ಷದೊಳಗಿನ, 135 ಸೆಂ.ಮೀ.ಗಿಂತ ಕುಳ್ಳಗಿರುವ ಮಕ್ಕಳಿಗೆ ಸೀಟು ಬೇಕೇಬೇಕು. ತೊಡೆ ಮೇಲೆ ಕೂರಿಸಿಕೊಳ್ಳುವ ನಮ್ಮ ಪದ್ಧತಿ ಮನೆಯಲ್ಲೇ ಇರಲಿ.

ಆಮೇಲೆ ಕೂತು ಕೈಗಳಿಗೆ ಪಾಠ ಹೇಳಿ. ನಮ್ಮ ಮಾರುತಿ, ಹ್ಯುಂಡೈಗಳಲ್ಲಿ ಇಂಡಿಕೇಟರ್ ಕಡ್ಡಿ ಬಲಕ್ಕೆ, ವೈಪರ್ ಎಡಕ್ಕೆ. ಅಲ್ಲಿ ಉಲ್ಟಾ. ಸಾಲ್ಜ್‌ಬರ್ಗ್ ಬಿಟ್ಟು ಹೊರಡುವ ಮೊದಲ ಮೂರು ತಿರುವಿನಲ್ಲೂ ನಾನು ಸುಡು ಬಿಸಿಲಲ್ಲಿ ವೈಪರ್ ಆಡಿಸಿದೆ. ಒಣಗಿದ ಗಾಜಿನ ಮೇಲೆ ಕರ್ರ್ ಕರ್ರ್. ಪಕ್ಕದ ಲೇನಿನ ಅಜ್ಜಿ ತಿರುಗಿ ನೋಡಿ ನಕ್ಕರು. ಹೊರಗಿನವರು ಅಂತ ಗೊತ್ತಾಗೋಕೆ ನಂಬರ್ ಪ್ಲೇಟ್ ಬೇಕಾಗಿಲ್ಲ.

ರಸ್ತೆಯಲ್ಲಿ

ಬಲಬದಿ ಅಂದಾಕ್ಷಣ ಹೆದರಬೇಡಿ. ಮುಂದೆ ಗಾಡಿ ಇದ್ದಾಗ ಅದನ್ನು ಹಿಂಬಾಲಿಸಿದರೆ ಸಾಕು. ತಪ್ಪುವುದು ಖಾಲಿ ರಸ್ತೆಯಲ್ಲಿ. ಬೆಳಿಗ್ಗೆ ಬಂಕ್‌ನಿಂದ ಹೊರಗೆ ಬರುವಾಗ, ಪಾರ್ಕಿಂಗ್‌ನಿಂದ ತಿರುಗಿಸುವಾಗ ಕೈ ತಾನಾಗಿಯೇ ಎಡಕ್ಕೆ ಎಳೆಯುತ್ತದೆ. ಪಕ್ಕದಲ್ಲಿ ಕೂತವರಿಗೆ ಒಂದೇ ಕೆಲಸ ಕೊಡಿ: ಪ್ರತಿ ಸಲ ಹೊರಡುವಾಗ 'ಬಲ, ಬಲ' ಅನ್ನುವುದು. ಇನ್ನೊಂದು ಗುರುತು: ಚಾಲಕ ಯಾವಾಗಲೂ ರಸ್ತೆಯ ನಡುಗೆರೆ ಕಡೆ ಇರಬೇಕು. ನೀವು ಚರಂಡಿ ಕಡೆ ಇದ್ದರೆ ಏನೋ ತಪ್ಪಾಗಿದೆ.

ವೃತ್ತದಲ್ಲಿ ಗಾಡಿಗಳು ನಮ್ಮಲ್ಲಿಗೆ ಉಲ್ಟಾ ಸುತ್ತುತ್ತವೆ. ಒಳಗಿರುವವರಿಗೆ ಮೊದಲ ಹಕ್ಕು, ಎಡಕ್ಕೆ ನೋಡಿ ನುಗ್ಗಿ. ಹೊರಬರುವಾಗ ಬಲ ಇಂಡಿಕೇಟರ್.

ವೇಗದ ಮಿತಿ ಊರೊಳಗೆ 50, ಹೊರಗೆ 100, ಹೆದ್ದಾರಿಯಲ್ಲಿ 130. ನಮ್ಮವರು ಸಿಕ್ಕಿಹಾಕಿಕೊಳ್ಳುವುದು ಇಲ್ಲೇ: ಊರು ಶುರುವಾದಾಗ 50 ಅಂತ ಫಲಕ ಇರುವುದಿಲ್ಲ. ನೀಲಿ ಅಂಚಿನ ಬಿಳಿ ಹಲಗೆಯಲ್ಲಿ ಊರಿನ ಹೆಸರಷ್ಟೇ ಇರುತ್ತದೆ. ಹೆಸರಿನ ಹಲಗೆ ಅಂದರೇ 50. ಅದೇ ಹೆಸರಿನ ಮೇಲೆ ಅಡ್ಡಗೆರೆ ಎಳೆದ ಹಲಗೆ ಬಂದರೆ ಊರು ಮುಗಿಯಿತು. ಹಲಗೆ ದಾಟಿದ ಕೂಡಲೇ ಕ್ಯಾಮೆರಾ ಇಟ್ಟಿರುತ್ತಾರೆ. ದಂಡದ ಚೀಟಿ ಬಾಡಿಗೆ ಕಂಪನಿಗೆ ಹೋಗುತ್ತದೆ. ಅವರು ನಿಮ್ಮ ವಿಳಾಸ ಕೊಟ್ಟ ಕೆಲಸಕ್ಕೆ ಅಂತ ನಿಮ್ಮ ಕಾರ್ಡಿನಿಂದ ಬೇರೆ ಶುಲ್ಕ ಎಳೆಯುತ್ತಾರೆ. ದಂಡ ಬೇರೆ ಬರುತ್ತದೆ.

ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲಗಡೆಯಿಂದ ಬರುವವರಿಗೆ ದಾರಿ ಬಿಡಬೇಕು, ಅವರದ್ದು ಎಷ್ಟೇ ಚಿಕ್ಕ ಓಣಿಯಾಗಿರಲಿ. ಹಳದಿ ವಜ್ರದಾಕಾರದ ಫಲಕ ಇದ್ದರೆ ನಿಮ್ಮದೇ ಮುಖ್ಯ ರಸ್ತೆ. ಸಿಗ್ನಲ್‌ನಲ್ಲಿ ಹಸಿರು ದೀಪ ನಾಲ್ಕು ಸಲ ಮಿಣುಕಿ ಆಮೇಲೆ ಹಳದಿ ಆಗುತ್ತದೆ, ಗಾಬರಿಯಾಗಬೇಡಿ. ಜೀಬ್ರಾ ಗೆರೆಯಲ್ಲಿ ಜನ ನಿಂತಿದ್ದರೆ ನಿಲ್ಲಿಸಲೇಬೇಕು. ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತರೆ ಎಡ ಲೇನಿನವರು ಪೂರ್ತಿ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್‌ಗೆ ದಾರಿ ಬಿಡಬೇಕು, ಆಂಬುಲೆನ್ಸ್ ಬರುವ ಮುಂಚೆಯೇ. ಹಾರ್ನ್ ಇದೆ ಅನ್ನುವುದನ್ನೇ ಮರೆತುಬಿಡಿ. ತುರ್ತಿಗೆ 112.

ದಾರಿ: ನಾನಾದರೆ ಹೀಗೆ ಸುತ್ತುತ್ತೇನೆ

ತಂಗುವುದು ಬಾಡ್ ಇಶ್ಲ್ ಅಥವಾ ಬಾಡ್ ಗೋಯ್ಸರ್ನ್‌ನಲ್ಲಿ, ಪಾರ್ಕಿಂಗ್ ಇರುವ ಮನೆಯಲ್ಲಿ. ಹಾಲ್‌ಸ್ಟಾಟ್‌ನಲ್ಲೇ ರೂಮ್ ಹಿಡಿದರೆ ದುಬಾರಿ, ಮತ್ತು ಪ್ರತಿ ಸಲ ಕಾರಿಗಾಗಿ ನಡೆಯಬೇಕು. ಬಾಡ್ ಇಶ್ಲ್ ನಡುಮಧ್ಯ ಇದೆ. ಚಕ್ರವರ್ತಿ ಫ್ರಾಂಜ್ ಯೋಸೆಫ್ ಬೇಸಿಗೆ ಕಳೆಯುತ್ತಿದ್ದ ಊರು. 1914ರ ಜುಲೈನಲ್ಲಿ ಸರ್ಬಿಯಾ ಮೇಲೆ ಯುದ್ಧ ಸಾರುವ ಕಾಗದಕ್ಕೆ ಸಹಿ ಹಾಕಿದ್ದು ಇಲ್ಲಿನ ಅವನ ಬಂಗಲೆಯಲ್ಲೇ. ಇಷ್ಟು ತಣ್ಣಗಿನ ಊರಿನಲ್ಲಿ ಕೂತು ಅಂಥ ಕೆಲಸ ಮಾಡಿದ!

ಹೋಗುವ ದಿನ ಬಿ158ರಲ್ಲಿ ನಿಧಾನ ಬನ್ನಿ. ಸೇಂಟ್ ಗಿಲ್ಗೆನ್‌ನಲ್ಲಿ ಕಾರು ನಿಲ್ಲಿಸಿ. ಮೊಜಾರ್ಟ್‌ನ ತಾಯಿ ಹುಟ್ಟಿದ ಊರಿದು. ಎದುರು ದಡದ ಸೇಂಟ್ ವೋಲ್ಫ್‌ಗಾಂಗ್‌ಗೆ ಕಾರಿನಲ್ಲಿ ಹೋಗುವ ಬದಲು ಇಲ್ಲಿಂದ ಹಡಗು ಹತ್ತಿ. 1873ರಿಂದ ಇಲ್ಲಿ ಹಡಗು ಓಡುತ್ತಿದೆ. ಅಲ್ಲಿ ಇಳಿದರೆ ಶಾಫ್‌ಬರ್ಗ್ ಬೆಟ್ಟ ಹತ್ತುವ ಹಲ್ಲುಗಾಲಿ ರೈಲು, 1893ರದ್ದು. ಬೆಟ್ಟದ ಎತ್ತರ 1,783 ಮೀಟರ್. ಮೇಲಿಂದ ಸರೋವರಗಳು ಚೆಲ್ಲಿದ ಕನ್ನಡಿ ಚೂರುಗಳ ಹಾಗೆ ಕಾಣುತ್ತವೆ. ರೈಲಿನ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದಿಡಿ.

ಎರಡನೇ ದಿನ ಹಾಲ್‌ಸ್ಟಾಟ್. ಬೆಳಿಗ್ಗೆ ಏಳಕ್ಕೆ ಮನೆ ಬಿಡಿ. ಊರೊಳಗೆ ಹೊರಗಿನ ಕಾರು ಬಿಡುವುದಿಲ್ಲ, ದಕ್ಷಿಣದ ಕಡೆ ಪಿ1, ಪಿ2 ಅಂತ ಪಾರ್ಕಿಂಗ್‌ಗಳಿವೆ. ಅಲ್ಲಿಂದ ಹತ್ತು ಹದಿನೈದು ನಿಮಿಷ ನಡಿಗೆ. ಬೇಸಿಗೆಯಲ್ಲಿ ಒಂಬತ್ತು ದಾಟಿದರೆ ಭರ್ತಿಯ ಫಲಕ ಬಿದ್ದಿರುತ್ತದೆ. ಬೇಗ ಹೋಗಲು ಇನ್ನೊಂದು ಕಾರಣ ಬೆಳಕು. ಊರಿನ ಬೆನ್ನಿಗೆ ಪಶ್ಚಿಮದ ಬೆಟ್ಟ. ಬೆಳಗಿನ ಬಿಸಿಲು ಮನೆಗಳ ಮುಖಕ್ಕೆ ನೇರ ಬೀಳುತ್ತದೆ, ಮಧ್ಯಾಹ್ನದ ಮೇಲೆ ನೆರಳು ಇಳಿಯುತ್ತದೆ. ಎಂಟು ನೂರು ಜನರೂ ಇಲ್ಲದ ಊರು. ಇದರ ನಕಲನ್ನು ಚೀನಾದಲ್ಲಿ ಕಟ್ಟಿ 2012ರಲ್ಲಿ ತೆರೆದರು. 2023ರಲ್ಲಿ ಸೆಲ್ಫಿ ಕಾಟ ತಾಳಲಾರದೆ ಊರವರು ಫೋಟೋ ಜಾಗಕ್ಕೆ ಮರದ ಹಲಗೆ ಅಡ್ಡ ಕಟ್ಟಿದ್ದರು. ಮೆಲ್ಲಗೆ ಮಾತಾಡಿ, ಕಿಟಕಿಗಳೊಳಗೆ ಇಣುಕಬೇಡಿ. ಚರ್ಚಿನ ಹಿಂದೆ ಪುಟ್ಟ ಎಲುಬಿನ ಮನೆ ಇದೆ. ಹೂಳಲು ಜಾಗ ಸಾಲದೆ, ತೆಗೆದ ತಲೆಬುರುಡೆಗಳಿಗೆ ಹೂಬಳ್ಳಿ ಬರೆದು, ಹೆಸರು ಬರೆದು ಜೋಡಿಸಿಟ್ಟಿದ್ದಾರೆ.

ಭರ್ತಿ ಆಗಿಬಿಟ್ಟಿದ್ದರೆ ಸುತ್ತು ಹಾಕುತ್ತಾ ಕೂರಬೇಡಿ. ಐದು ಕಿಲೋಮೀಟರ್ ಮುಂದಿನ ಓಬರ್‌ಟ್ರೌನ್‌ಗೆ ಹೋಗಿ. ಕೇಬಲ್ ಕಾರಿನಲ್ಲಿ ಕ್ರಿಪ್ಪೆನ್‌ಸ್ಟೈನ್ ಬೆಟ್ಟ ಹತ್ತಿ, 'ಐದು ಬೆರಳು' ಅನ್ನುವ ಕಟ್ಟೆಯ ಮೇಲೆ ನಿಂತು ಹಾಲ್‌ಸ್ಟಾಟ್ ಸರೋವರವನ್ನು ಕಾಲಡಿಯಲ್ಲಿ ನೋಡಿ. ಹತ್ತುವ ಮುಂಚೆ ವೆಬ್‌ಕ್ಯಾಮ್ ನೋಡಿಕೊಳ್ಳಿ. ಮಂಜು ಕವಿದಿದ್ದರೆ ಟಿಕೆಟ್ ದುಡ್ಡು ಮೋಡಕ್ಕೆ ಕಟ್ಟಿದ ಹಾಗೆ.

ಮಧ್ಯಾಹ್ನ ಊಟ, ಸ್ವಲ್ಪ ನಿದ್ದೆ. ನಾಲ್ಕರ ಮೇಲೆ ಗೋಸೌ. ರಸ್ತೆ ಸರೋವರದ ಹತ್ತಿರವೇ ಮುಗಿಯುತ್ತದೆ. ಬಸ್ಸಿನವರು ಹೋಗಿಯಾಗಿರುತ್ತದೆ, ಪಾರ್ಕಿಂಗ್ ಖಾಲಿಯಾಗುತ್ತಿರುತ್ತದೆ. ಎದುರಿಗೆ ಹಿಮ ಹೊತ್ತ ಡಾಖ್‌ಸ್ಟೈನ್, 2,995 ಮೀಟರ್. ಸರೋವರದ ಸುತ್ತ ಮಟ್ಟಸ ಕಾಲುದಾರಿ, ಗಂಟೆ ಒಂದೂಕಾಲು. ಸಂಜೆಯ ಬಿಸಿಲು ಬೀಳುವುದು ಬೆಟ್ಟದ ಈ ಮುಖಕ್ಕೇ. ಮೊದಲು ಹಳದಿ, ಆಮೇಲೆ ಕಿತ್ತಳೆ, ಕೊನೆಗೆ ಒಂದೈದು ನಿಮಿಷ ಗುಲಾಬಿ. ನೀರಿನಲ್ಲೂ ಅದೇ. ನಮ್ಮ ಪಕ್ಕ ಮೀನು ಹಿಡಿಯುತ್ತಿದ್ದವನು ಗಾಳ ಎತ್ತಿ ಸುಮ್ಮನೆ ಕೂತ. ಇಡೀ ಪ್ರವಾಸದಲ್ಲಿ ಕಾರು ಬಾಡಿಗೆ ವಸೂಲಾಯಿತು ಅನ್ನಿಸಿದ್ದು ಆ ಐದು ನಿಮಿಷ. ಆ ಹೊತ್ತಿಗೆ ನಮ್ಮನ್ನು ಮನೆಗೆ ಮುಟ್ಟಿಸೋಕೆ ಬಸ್ಸು ಎಲ್ಲಿ ಬರಬೇಕು.

ಮೂರನೇ ದಿನ ಆಲ್ಟೌಸೇ. ಬಾಡ್ ಗೋಯ್ಸರ್ನ್‌ನಿಂದ ಪೋಟ್ಶೆನ್ ಘಾಟಿ, ಎತ್ತರ ಸಾವಿರ ಮೀಟರ್‌ಗೆ ಸ್ವಲ್ಪ ಕಮ್ಮಿ. ಚಾರ್ಮಾಡಿಯಲ್ಲಿ ಓಡಿಸಿದವರಿಗೆ ಇದು ಲೆಕ್ಕಕ್ಕಿಲ್ಲ. ರಸ್ತೆ ಅಗಲ, ಗುಂಡಿ ಇಲ್ಲ. ಇಳಿಯುವಾಗ ಮಾತ್ರ ಬ್ರೇಕ್ ಮೇಲೆ ಕಾಲಿಟ್ಟೇ ಇರಬೇಡಿ, ಗೇರ್ ಇಳಿಸಿ. ಓಬರ್‌ಟ್ರೌನ್ ಕಡೆಯಿಂದ ಬರುವ ಕೊಪ್ಪೆನ್ ರಸ್ತೆ ಇದಕ್ಕಿಂತ ಕಡಿದು, ಇಕ್ಕಟ್ಟು. ಮೊದಲ ಸಲಕ್ಕೆ ಬೇಡ. ಆಲ್ಟೌಸೇ ಉಪ್ಪಿನ ಗಣಿಯಲ್ಲೇ ಎರಡನೇ ಮಹಾಯುದ್ಧದ ಹೊತ್ತಲ್ಲಿ ನಾಜಿಗಳು ಕದ್ದ ಕಲಾಕೃತಿಗಳನ್ನು ಬಚ್ಚಿಟ್ಟಿದ್ದರು, ಮೈಕೆಲಾಂಜೆಲೊ ಕೆತ್ತಿದ ಮೇರಿಯ ಶಿಲ್ಪವೂ ಸೇರಿ. ಮಳೆ ಬಂದ ದಿನಕ್ಕೆ ಈ ಗಣಿ ಇಟ್ಟುಕೊಳ್ಳಿ. ಮಳೆ ಬಂದೇ ಬರುತ್ತದೆ. ಬಿಸಿಲಿದ್ದರೆ ಲೋಸರ್ ಬೆಟ್ಟಕ್ಕೆ ಟೋಲ್ ರಸ್ತೆ, ಇಲ್ಲವೇ ಸರೋವರದ ಸುತ್ತ ಎರಡು ಗಂಟೆ ನಡಿಗೆ.

ವಾಪಸ್ ಹೋಗುವ ದಿನ ಬಂದ ದಾರಿಯಲ್ಲಿ ಹೋಗಬೇಡಿ. ಬಾಡ್ ಇಶ್ಲ್ ಹತ್ತಿರದಿಂದ ಬಿ153 ಕಾಡಿನ ರಸ್ತೆ ಹಿಡಿದರೆ ಆಟರ್‌ಸೇ ದಡದ ವೈಸೆನ್‌ಬಾಖ್‌ಗೆ ಬರುತ್ತೀರಿ. ಪೂರ್ತಿ ಆಸ್ಟ್ರಿಯಾದೊಳಗೇ ಇರುವ ಸರೋವರಗಳಲ್ಲಿ ಇದೇ ದೊಡ್ಡದು. ಆಸ್ಟ್ರಿಯಾದ ಚಿತ್ರಕಾರ ಕ್ಲಿಮ್ಟ್ ವರ್ಷ ವರ್ಷ ಬೇಸಿಗೆಗೆ ಬಂದು ಚಿತ್ರ ಬರೆದ ನೀರು. ದಡ ಬಹಳಷ್ಟು ಕಡೆ ಖಾಸಗಿ, ಬೇಲಿ ಹಾಕಿರುತ್ತಾರೆ. 'ಬಾಡೆಪ್ಲಾಟ್ಸ್', ಅಂದರೆ ಈಜುವ ಜಾಗ, ಅನ್ನುವ ಫಲಕ ಇದ್ದಲ್ಲಿ ಇಳಿಯಿರಿ. ನೀರು ಜುಲೈನಲ್ಲೂ ತಣ್ಣಗೆ. ಆಮೇಲೆ ಉಂಟರಾಖ್, ಮೋಂಡ್‌ಸೇ ದಡ ದಾಟಿ ಸೇಂಟ್ ಗಿಲ್ಗೆನ್ ಮೇಲೆ ಸಾಲ್ಜ್‌ಬರ್ಗ್.

ಪೆಟ್ರೋಲ್, ಭಾನುವಾರ, ಚಳಿಗಾಲ

ಬಂಕ್‌ನಲ್ಲಿ ನಿಮಗೆ ನೀವೇ ಹಾಕಿಕೊಳ್ಳಬೇಕು, ಆಮೇಲೆ ಒಳಗೆ ಹೋಗಿ ಪಂಪ್ ನಂಬರ್ ಹೇಳಿ ದುಡ್ಡು ಕೊಡಬೇಕು. ಪೆಟ್ರೋಲ್‌ಗೆ 'ಬೆನ್ಸೀನ್' ಅಥವಾ 'ಸೂಪರ್ 95' ಅಂತ ಬರೆದಿರುತ್ತದೆ. ಕಾರು ಯಾವುದರದ್ದು ಅಂತ ಟ್ಯಾಂಕ್ ಮುಚ್ಚಳದ ಒಳಗೆ ನೋಡಿ. ಒಂದು ಗುಟ್ಟು: 2011ರಿಂದ ಅಲ್ಲಿನ ಬಂಕ್‌ಗಳು ದರ ಏರಿಸಬೇಕೆಂದರೆ ಮಧ್ಯಾಹ್ನ 12ಕ್ಕೆ ಮಾತ್ರ ಏರಿಸಬಹುದು, ಇಳಿಸುವುದು ಯಾವಾಗ ಬೇಕಾದರೂ. ಹಾಗಾಗಿ ಹನ್ನೆರಡರೊಳಗೆ ಹಾಕಿಸಿ. ಹೆದ್ದಾರಿ ಪಕ್ಕದ ಬಂಕ್ ದುಬಾರಿ.

ಭಾನುವಾರ ಸೂಪರ್ ಮಾರ್ಕೆಟ್‌ಗಳು ಬಂದ್. ಹಾಲು, ಮೊಸರು, ಬ್ರೆಡ್ ಶನಿವಾರ ಸಂಜೆ ಆರರೊಳಗೆ ತಂದಿಟ್ಟುಕೊಳ್ಳಿ.

ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ ರಸ್ತೆಯಲ್ಲಿ ಹಿಮ, ಮಂಜುಗಡ್ಡೆ ಇದ್ದರೆ ಚಳಿಗಾಲದ ಟೈರ್ ಕಡ್ಡಾಯ. ಹಿಮದಲ್ಲಿ ಓಡಿಸಿ ಅಭ್ಯಾಸವಿಲ್ಲದಿದ್ದರೆ ಆ ತಿಂಗಳುಗಳಲ್ಲಿ ರೈಲೇ ಸರಿ. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯ ಕಾಲ.

ಕಾರು ವಾಪಸ್ ಕೊಡುವಾಗ

ಬಾಡಿಗೆ ದಿನ ಅಂದರೆ 24 ಗಂಟೆ. ಬೆಳಿಗ್ಗೆ ಹತ್ತಕ್ಕೆ ತೆಗೆದುಕೊಂಡರೆ ಹತ್ತಕ್ಕೇ ಕೊಡಬೇಕು, ಇಲ್ಲದಿದ್ದರೆ ಇನ್ನೊಂದು ದಿನದ ಬಾಡಿಗೆ. ಟ್ಯಾಂಕ್ ತುಂಬಿಸಿ, ಬಂಕ್ ರಸೀದಿ ಎತ್ತಿಟ್ಟುಕೊಳ್ಳಿ. ಒಳಗಿನ ಕಸ, ಮರಳು ಕೊಡವಿ. ಸಿಬ್ಬಂದಿ ಇರುವ ವೇಳೆಗೇ ಹೋಗಿ, ಅವರ ಎದುರೇ ಕಾರು ನೋಡಿಸಿ, 'ಹಾನಿ ಇಲ್ಲ' ಅಂತ ಬರೆಸಿಕೊಳ್ಳಿ.

ನಮಗೆ ಅದು ಆಗಲಿಲ್ಲ. ಬೆಳಗಿನ ರೈಲು, ಕಚೇರಿ ಇನ್ನೂ ತೆಗೆದಿರಲಿಲ್ಲ. ಕಾರು ನಿಲ್ಲಿಸಿ, ಮತ್ತೆ ಸುತ್ತ ವಿಡಿಯೊ ತೆಗೆದು, ಕೀಯನ್ನು ಗೋಡೆಯ ಡಬ್ಬಕ್ಕೆ ಹಾಕಿ ಬಂದೆವು. ಮೂರು ವಾರದ ಮೇಲೆ ಬೆಂಗಳೂರಿನಲ್ಲಿ ಕೂತಿದ್ದಾಗ ಮೇಲ್ ಬಂತು: ಹಿಂದಿನ ಬಲ ಚಕ್ರದ ರಿಮ್‌ಗೆ ಗೀರು, 280 ಯೂರೋ. ಕಂಪನಿಯ ಹೆಸರು ಇಲ್ಲಿ ಬೇಡ. ಮೊದಲ ದಿನದ ವಿಡಿಯೊ ತೆಗೆದು ನೋಡಿದೆ. ಒಂದನೇ ನಿಮಿಷದಲ್ಲಿ ಅದೇ ರಿಮ್, ಅದೇ ಗೀರು, ಹಿಂದೆ ಅವರದೇ ಪಾರ್ಕಿಂಗ್‌ನ ಹಳದಿ ಕಂಬ. ಆ ಭಾಗವನ್ನಷ್ಟೇ ಕತ್ತರಿಸಿ, ತಾರೀಕು ಕಾಣುವ ಹಾಗೆ ಕಳಿಸಿದೆ. ಎರಡು ದಿನಕ್ಕೆ ಒಂದು ಸಾಲಿನ ಉತ್ತರ ಬಂತು, ಬಿಲ್ ರದ್ದಾಯಿತು. ಡೆಪಾಸಿಟ್ ಪೂರ್ತಿ ಕಾರ್ಡಿಗೆ ಮರಳುವವರೆಗೆ ಫೋನಿನಿಂದ ಆ ವಿಡಿಯೊಗಳನ್ನು ಅಳಿಸಬೇಡಿ.